ಬಾತು ಬೇಟೆಗೆ ಲ್ಯಾಬ್ರಡಾರ್: ಮೊದಲು ಕೂರೋದು ಕಲಿಸಿ

ಎಸೆದದ್ದನ್ನು ತರೋದನ್ನು ಲ್ಯಾಬ್ರಡಾರ್‌ಗೆ ಯಾರೂ ಕಲಿಸಬೇಕಾಗಿಲ್ಲ. ಎಂಟು ವಾರದ ಮರಿಯ ಮುಂದೆ ಕಾಲುಚೀಲ ಸುತ್ತಿ ಎಸೆಯಿರಿ, ಬಿದ್ದು ಎದ್ದು ಓಡಿ ಕಚ್ಚಿಕೊಳ್ಳುತ್ತದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತೀರದಲ್ಲಿ ಮೀನುಗಾರರ ಜೊತೆ ತಣ್ಣೀರಿಗೆ ಇಳಿಯುತ್ತಿದ್ದ ನಾಯಿಗಳ ವಂಶ ಇದು, ರಕ್ತದಲ್ಲೇ ಬಂದಿದೆ. ಕಲಿಸಬೇಕಾದ್ದು ಬೇರೆ. ಬಾತು ಕಣ್ಣೆದುರೇ ನೀರಿಗೆ ಬಿದ್ದರೂ, ನೀವು ಹೇಳುವ ತನಕ ಅಲ್ಲಾಡದೆ ಕೂರೋದು. ನಿಮ್ಮ ಸಮಯದ ಮುಕ್ಕಾಲು ಪಾಲು ಇದಕ್ಕೇ ಹೋಗುತ್ತದೆ. ಹೋಗಲಿ ಬಿಡಿ.

ನಾನಿರುವುದು ಅಮೆರಿಕದ ಮಿನ್ನೆಸೋಟದಲ್ಲಿ, ಊರು ತೀರ್ಥಹಳ್ಳಿ ಕಡೆ. ನಮ್ಮ ಕಪ್ಪು ಲ್ಯಾಬ್ ಹೆಸರು ಕಾಳಿ. ಊರಿನವರು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡುಬಾತು ಬೇಟೆ ಅಪರಾಧ. ಗದಗದ ಮಾಗಡಿ ಕೆರೆಗೆ ಬರುವ ಹೆಬ್ಬಾತುಗಳನ್ನು ದುರ್ಬೀನಿನಲ್ಲಿ ನೋಡಿ, ಅಷ್ಟೇ. ಆದರೆ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಸೋಫಾ ಕಿತ್ತು ಹಾಕುತ್ತಿರುವ ಲ್ಯಾಬ್ ನಿಮ್ಮಲ್ಲಿದ್ದರೆ, ಬಂದೂಕು ಮತ್ತು ಹಕ್ಕಿ ಬಿಟ್ಟು ಉಳಿದ ಪಾಠ ಎಲ್ಲಾ ನಿಮಗೂ ನಡೆಯುತ್ತದೆ.

ಇಲ್ಲಿ ಅಮೆರಿಕದಲ್ಲಿ ಬೇಟೆಗೆ ಹೊರಡುವವರಿಗೆ ರಾಜ್ಯದ ಲೈಸೆನ್ಸ್ ಬೇಕು. 16 ವರ್ಷ ತುಂಬಿದವರಿಗೆ 25 ಡಾಲರಿನ ಫೆಡರಲ್ ಡಕ್ ಸ್ಟ್ಯಾಂಪ್, ಅಂದರೆ ಬಾತು ಬೇಟೆಗೆ ಕೇಂದ್ರ ಸರ್ಕಾರ ಕೊಡುವ ಪರವಾನಗಿ ಚೀಟಿ, ಕೂಡ ಬೇಕು. ಸೀಸದ ಗುಂಡು 1991ರಿಂದ ದೇಶದಾದ್ಯಂತ ಬಾತು ಬೇಟೆಗೆ ನಿಷೇಧ, ಸ್ಟೀಲ್ ಅಥವಾ ವಿಷವಲ್ಲದ ಬೇರೆ ಗುಂಡೇ ಆಗಬೇಕು. ಹೊಡೆದ ಹಕ್ಕಿಯನ್ನು ಹುಡುಕದೆ ಬಿಟ್ಟು ಬರುವುದೂ ತಪ್ಪು. ಎದೆಮಟ್ಟ ಜೊಂಡಿನೊಳಗೆ ಬಿದ್ದ ಬಾತನ್ನು ಮನುಷ್ಯ ಹುಡುಕಿ ತೆಗೆಯೋದು ಕಷ್ಟ. ನಾಯಿ ಬೇಕಾಗಿರೋದು ಅದಕ್ಕೇ, ಶೋಕಿಗಲ್ಲ.

ಮರಿ ತರುವಾಗ ಅಪ್ಪ-ಅಮ್ಮನ ಸೊಂಟ, ಮೊಣಕೈಗಳ ಎಕ್ಸ್‌ರೇ ವರದಿ ಕೇಳಿ. ಇಐಸಿ ಎಂಬ ವಂಶದೋಷದ ಜೀನ್ ಪರೀಕ್ಷೆಯನ್ನೂ ಮರೆಯಬೇಡಿ. ಈ ದೋಷ ಇರುವ ಲ್ಯಾಬ್ ಜೋರಾಗಿ ಓಡಿದ ಮೇಲೆ ಹಿಂಗಾಲು ಸೋತು ಕುಸಿದುಬಿಡುತ್ತದೆ. ನೀರಿನ ಮಧ್ಯೆ ಹಾಗಾದರೆ ಮುಳುಗಿಯೇ ಹೋಗಬಹುದು. ಇದರ ಜೀನನ್ನು ಪತ್ತೆ ಮಾಡಿ 2008ರಲ್ಲಿ ಪ್ರಕಟಿಸಿದ ತಂಡ ನಮ್ಮ ಮಿನ್ನೆಸೋಟ ವಿಶ್ವವಿದ್ಯಾಲಯದ್ದು. ಪರೀಕ್ಷೆ ಮಾಡಿಸಿಲ್ಲ ಎಂದು ಮಾರುವವರು ಹೇಳಿದರೆ ಬೇರೆ ಕಡೆ ನೋಡಿ.

ಮೊದಲ ಕೆಲವು ತಿಂಗಳು ಆಟವೇ ಪಾಠ. ಮನೆಯೊಳಗಿನ ಉದ್ದ ಓಣಿಯಲ್ಲಿ ಕೂತು, ಎರಡೂ ಕಡೆ ಬಾಗಿಲು ಹಾಕಿ, ಸಣ್ಣ ಬಂಪರ್ ಎಸೆಯಿರಿ. ಬಂಪರ್ ಅಂದರೆ ತುದಿಗೆ ಹಗ್ಗ ಕಟ್ಟಿದ, ನೀರಲ್ಲಿ ತೇಲುವ ಪ್ಲಾಸ್ಟಿಕ್ ತುಂಡು. ಓಣಿಯಲ್ಲಿ ಮರಿಗೆ ಬೇರೆ ದಾರಿ ಇಲ್ಲ, ನಿಮ್ಮ ಹತ್ತಿರವೇ ಬರಬೇಕು. ಮೂರು ನಾಲ್ಕು ಸಲ ಸಾಕು. ಇನ್ನೂ ಬೇಕು ಅನ್ನುವಾಗಲೇ ನಿಲ್ಲಿಸಿ. ನಾಲ್ಕರಿಂದ ಆರು ತಿಂಗಳ ನಡುವೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತವೆ, ವಸಡು ನೋಯುತ್ತಿರುತ್ತದೆ. ಆಗ ಗಟ್ಟಿ ವಸ್ತು ಕೊಡಬೇಡಿ. ಹಗ್ಗ ಜಗ್ಗುವ ಆಟವಂತೂ ಯಾವತ್ತೂ ಬೇಡ. ಹಕ್ಕಿಯನ್ನೂ ಹಾಗೇ ಜಗ್ಗುವುದು ಕಲಿಯುತ್ತದೆ.

ಮಾತು ಕಡಿಮೆ ಇರಲಿ, ಮನೆಯವರೆಲ್ಲರ ಬಾಯಲ್ಲೂ ಒಂದೇ ಇರಲಿ. ನಮ್ಮಲ್ಲಿ ಕೂರು, ಬಾ, ಹಿಡ್ಕೊ, ಬಿಡು, ಇಷ್ಟೇ. ಅತ್ತೆ ಊರಿಂದ ಬಂದಾಗ ಮಾತ್ರ "ಬಾರೇ ಕಾಳಮ್ಮ, ಇಲ್ಲಿ ಕೂತ್ಕೊಳೇ ತಾಯಿ" ಎಂದು ಶುರುವಾಗುತ್ತದೆ, ಕಾಳಿ ಅರ್ಧ ಕೂತು ಅರ್ಧ ನಿಂತು ಒದ್ದಾಡುತ್ತಾಳೆ. ದೂರಕ್ಕೆ ಸೀಟಿ ಬೇಕು. ಒಂದು ಉದ್ದ ಊದಿದರೆ ಕೂತು ನನ್ನ ಕಡೆ ನೋಡು, ಚಿಕ್ಕದಾಗಿ ಮೂರು ನಾಲ್ಕು ಊದಿದರೆ ವಾಪಸ್ ಬಾ. ಊಟದ ತಟ್ಟೆ ಇಡುವ ಮೊದಲು ಒಂದು ಉದ್ದ ಸೀಟಿ, ಕೂತ ಮೇಲೆ ಊಟ. ದಿನಾ ಹೀಗೆ ಮಾಡಿದರೆ ಬೇರೆ ಪಾಠ ಬೇಕಾಗಲ್ಲ.

ಈಗ ನಿಜವಾದ ಕೆಲಸ. ಆರು ತಿಂಗಳು ದಾಟಿದ ಮೇಲೆ, ಪಕ್ಕದಲ್ಲಿ ಕೂರಿಸಿ, ಕತ್ತುಪಟ್ಟಿಗೆ ಇಪ್ಪತ್ತು ಅಡಿ ಹಗ್ಗ ಹಾಕಿ ಕಾಲ ಕೆಳಗೆ ತುಳಿದುಕೊಳ್ಳಿ. ಬಂಪರನ್ನು ಆಕಾಶದಲ್ಲಿ ಕಾಣುವಂತೆ ಎತ್ತರಕ್ಕೆ ಎಸೆಯಿರಿ. ನಾಯಿ ಚಿಮ್ಮುತ್ತದೆ, ಹಗ್ಗ ತಡೆಯುತ್ತದೆ. ಬೈಯಬೇಡಿ, ಮತ್ತೆ ಕೂರಿಸಿ. ಅದರ ಮುಖ ನೋಡಿ: ಕಿವಿ ಮುಂದಕ್ಕೆ, ಮುಂಗಾಲು ನಡುಗುತ್ತಾ, ಹಿಂಭಾಗ ಒಂದು ಅಂಗುಲ ಮೇಲೆದ್ದಿರುತ್ತದೆ. ಆ ಅಂಗುಲ ಕೆಳಗಿಳಿಯುವ ತನಕ ಹೆಸರು ಕರೆಯಬೇಡಿ. ಇಳಿದ ತಕ್ಷಣ "ಕಾಳಿ!" ಹೆಸರೇ ಅಪ್ಪಣೆ. ಬೇರೆ ನಾಯಿಗಳ ಜೊತೆ ಬೇಟೆಗೆ ಕೂತಾಗ ಇದು ಉಪಯೋಗಕ್ಕೆ ಬರುತ್ತದೆ, ಯಾರ ಹೆಸರು ಕರೆದರೋ ಅವರೇ ಹೋಗಬೇಕು.

ಇನ್ನೊಂದು ಉಪಾಯ. ಎಸೆದ ಮೂರರಲ್ಲಿ ಒಂದನ್ನು ನೀವೇ ನಡೆದು ಹೋಗಿ ಎತ್ತಿಕೊಂಡು ಬನ್ನಿ, ನಾಯಿ ಕೂತು ನೋಡುತ್ತಿರಲಿ. ಬಿದ್ದದ್ದೆಲ್ಲಾ ತನ್ನದಲ್ಲ ಅನ್ನೋದು ತಲೆಗೆ ಹೋಗುತ್ತದೆ. ಬೇಟೆಗೆ ಬರುವ ಗೆಳೆಯರ ನಾಯಿಗಳಲ್ಲಿ ನಾನು ಜಾಸ್ತಿ ನೋಡುವ ಕೊರತೆ ಇದೇ. ತರುವುದರಲ್ಲಿ ಬೆಂಕಿ, ಕೂರುವುದರಲ್ಲಿ ಸೊನ್ನೆ. ಗುಂಡಿನ ಸದ್ದಿಗೆ ದೋಣಿಯಿಂದ ಹಾರಿದರೆ ದೋಣಿ ಮಗುಚಬಹುದು. ಗುಂಡು ತುಂಬಿದ ಬಂದೂಕು ಕೈಯಲ್ಲಿರುವಾಗ ಇದು ತಮಾಷೆ ಅಲ್ಲ.

ತಂದದ್ದನ್ನು ಕೈಗೇ ಕೊಡಬೇಕು. ನಾಯಿ ದಡ ಹತ್ತಿದ ಕೂಡಲೇ ಮೈ ಕೊಡವಬೇಕು ಅನಿಸುತ್ತದೆ, ಅದಕ್ಕೆ ಹಕ್ಕಿಯನ್ನು ಕೆಳಗಿಡುತ್ತದೆ. ರೆಕ್ಕೆಗೆ ಮಾತ್ರ ಏಟು ಬಿದ್ದ ಬಾತು ಅಷ್ಟರಲ್ಲಿ ಮತ್ತೆ ನೀರು ಸೇರಿ ಮುಳುಗಿಬಿಡುತ್ತದೆ. ಹಾಗಾಗಿ ಮೊದಲು ಮನೆಯಲ್ಲೇ, ಸುಮ್ನೆ ಕೂತಲ್ಲೇ, ಬಂಪರನ್ನು ಬಾಯಲ್ಲಿಟ್ಟು "ಹಿಡ್ಕೊ" ಹೇಳಿ ಗದ್ದ ಸವರಿ. ಎರಡು ಸೆಕೆಂಡಿನಿಂದ ಶುರು ಮಾಡಿ ನಿಧಾನಕ್ಕೆ ಬೆಳೆಸಿ, ಆಮೇಲೆ ಬಾಯಲ್ಲಿಟ್ಟುಕೊಂಡೇ ನಡೆಸಿ. ನೀರಿನ ಪಾಠ ಶುರುವಾದಾಗ ನೀವೇ ಮೊಣಕಾಲುದ್ದ ನೀರಿಗೆ ಇಳಿದು, ಕೊಡವುವ ಮೊದಲೇ ಬಾಯಿಂದ ತೆಗೆದುಕೊಳ್ಳಿ. ವಾರ ವಾರಕ್ಕೂ ಒಂದೊಂದು ಹೆಜ್ಜೆ ದಡದ ಕಡೆ ಹಿಂದೆ ಸರಿಯಿರಿ.

ಮರಿಯನ್ನು ನೀರಿಗೆ ಎತ್ತಿ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬೇಸಿಗೆಯ ಬೆಚ್ಚಗಿನ ದಿನ, ಇಳಿಜಾರು ಸಣ್ಣದಿರುವ ದಡ, ನೀವು ಮುಂದೆ, ಅದು ಹಿಂದೆ, ಅಷ್ಟೇ. ನಮ್ಮ ಕಡೆ ಆಗಸ್ಟ್ ಹೊತ್ತಿಗೆ ಕೆರೆಗಳ ಮೇಲೆ ಹಸಿರು ಬಣ್ಣ ಚೆಲ್ಲಿದ ಹಾಗೆ ಪಾಚಿ ಏಳುತ್ತದೆ. ಆ ನೀಲಿ-ಹಸಿರು ಪಾಚಿಯ ವಿಷ ನಾಯಿಯನ್ನು ಗಂಟೆಗಳಲ್ಲೇ ಕೊಲ್ಲಬಲ್ಲದು. ಅನುಮಾನ ಇದ್ದರೆ ಆ ಕೆರೆಗೆ ಇಳಿಸಲೇಬೇಡಿ.

ಬಂದೂಕಿನ ಸದ್ದು ಯಾವಾಗಲೂ ಹಕ್ಕಿಯ ಖುಷಿಯ ಜೊತೆಗೇ ಬರಬೇಕು. ನಾಯಿ ಬಂಪರಿನ ಹಿಂದೆ ಹುಚ್ಚೆದ್ದು ಓಡುತ್ತಿರುವಾಗ, ಗೆಳೆಯರೊಬ್ಬರು ನೂರು ಗಜ ದೂರದಲ್ಲಿ ಗುಂಡಿಲ್ಲದೆ ಸದ್ದು ಮಾತ್ರ ಮಾಡುವ ಪಿಸ್ತೂಲು ಹಾರಿಸಲಿ. ನಾಯಿ ತಿರುಗಿಯೂ ನೋಡದಿದ್ದರೆ ಮುಂದಿನ ಸಲ ಸ್ವಲ್ಪ ಹತ್ತಿರ. ಬಾಲ ಇಳಿಯಿತೋ, ಅವತ್ತಿಗೆ ಮುಗಿಸಿ. ಪಿಸ್ತೂಲಿನಿಂದ ಸಣ್ಣ ಬಂದೂಕಾದ 20 ಗೇಜಿಗೆ, ಅಲ್ಲಿಂದ ದೊಡ್ಡದಾದ 12 ಗೇಜಿಗೆ ಹೋಗಲು ವಾರಗಟ್ಟಲೆ ಹಿಡಿಯಲಿ. ಅಭ್ಯಾಸ ಆಗಲಿ ಎಂದು ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋಗಿ ಕಟ್ಟಿಹಾಕಬೇಡಿ. ದೀಪಾವಳಿ ಪಟಾಕಿಗೆ ಮಂಚದ ಕೆಳಗೆ ಸೇರುವ ನಾಯಿ ನೋಡಿದ್ದೀರಲ್ವಾ, ಅಂಥ ಹೆದರಿಕೆ ಒಮ್ಮೆ ಕೂತರೆ ಬಿಡಿಸೋದು ಬಲು ಕಷ್ಟ.

ಬಿದ್ದ ಜಾಗ ನಾಯಿ ನೋಡಿರದಿದ್ದರೆ ಕೈಸನ್ನೆ ಬೇಕು. ನಾಯಿಯನ್ನು ನಿಮ್ಮ ಎದುರು ದೂರದಲ್ಲಿ ಕೂರಿಸಿ, ಅದರ ಎಡಕ್ಕೆ, ಬಲಕ್ಕೆ, ಹಿಂದಕ್ಕೆ ಬಂಪರ್ ಇಡಿ. ಕೈ ಚಾಚಿದ ಕಡೆಗೆ ಹೋಗಬೇಕು, ಕೈ ನೇರ ಮೇಲೆತ್ತಿದರೆ ಹಿಂದಕ್ಕೆ. ಇಲ್ಲಿ ಕಿತ್ತಳೆ ಬಣ್ಣದ ಬಂಪರ್ ಬಳಸಿ. ನಾಯಿ ಕಣ್ಣಿಗೆ ಅದು ಹುಲ್ಲಲ್ಲಿ ಬೇರೆಯಾಗಿ ಕಾಣಲ್ಲ, ನಮಗೆ ಕಾಣುತ್ತದೆ. ಕಣ್ಣಾರೆ ನೋಡಿ ತರುವ ಪಾಠಕ್ಕೆ ಬಿಳಿ. ಇದೆಲ್ಲ ಎರಡನೇ ವರ್ಷದ ಓದು, ಮೊದಲ ಸೀಸನ್ನಿಗೆ ಬರದಿದ್ದರೂ ನಡೆಯುತ್ತದೆ.

ಶಾಕ್ ಕಾಲರ್, ಅಂದರೆ ರಿಮೋಟಿನಿಂದ ಸಣ್ಣ ವಿದ್ಯುತ್ ಏಟು ಕೊಡುವ ಕತ್ತುಪಟ್ಟಿ, ಇದರ ಬಗ್ಗೆ ಜಗಳ ಬಹಳ. ನಾಯಿಗೆ ಚೆನ್ನಾಗಿ ಗೊತ್ತಿರುವ ಮಾತನ್ನು ದೂರದಿಂದ ನೆನಪಿಸಲು ಅದು ಸರಿ. ಹೊಸದನ್ನು ಕಲಿಸಲು ಅಲ್ಲ.

ನಾಯಿ ಎಲ್ಲಿಗೆ ಬಂದಿದೆ ಎಂದು ತಿಳಿಯಬೇಕಾದರೆ ಅಮೆರಿಕನ್ ಕೆನೆಲ್ ಕ್ಲಬ್ (ಎಕೆಸಿ) ನಡೆಸುವ ಜೂನಿಯರ್ ಹಂಟರ್ ಪರೀಕ್ಷೆಗೆ ಕರೆದುಕೊಂಡು ಹೋಗಿ. ಆರು ತಿಂಗಳು ತುಂಬಿರಬೇಕು. ನೆಲದ ಮೇಲೆ ಎರಡು, ನೀರಲ್ಲಿ ಎರಡು ಹಕ್ಕಿ, ಒಂದೊಂದಾಗಿ ತಂದು ಕೈಗೆ ಕೊಡಬೇಕು. ಈ ಹಂತದಲ್ಲಿ ನಾಯಿಯನ್ನು ಹಿಡಿದುಕೊಂಡಿರಲು ಅವಕಾಶ ಇದೆ.

ಮೊದಲ ಬೇಟೆಗೆ ಹೋಗುವ ಮೊದಲು ತೇಲುವ ನಕಲಿ ಬಾತುಗಳನ್ನು ಅಂಗಳದಲ್ಲಿ ಹರಡಿ, ನಡುವೆ ನಡೆಸಿ. ಇಲ್ಲದಿದ್ದರೆ ಅವತ್ತು ಹೆಮ್ಮೆಯಿಂದ ಒಂದು ಪ್ಲಾಸ್ಟಿಕ್ ಬಾತು ತಂದುಕೊಡುತ್ತದೆ. ಅವತ್ತು ನೀವು ಬಂದೂಕು ಮುಟ್ಟಬೇಡಿ. ಗೆಳೆಯ ಹೊಡೆಯಲಿ, ನಿಮ್ಮ ಕಣ್ಣು ನಾಯಿಯ ಮೇಲಿರಲಿ. ಗಾಯಗೊಂಡ ಹೆಬ್ಬಾತಿನ ಹಿಂದೆ ಎಳೆ ನಾಯಿಯನ್ನು ಬಿಡಬೇಡಿ, ರೆಕ್ಕೆಯಿಂದ ಬಾರಿಸಿದರೆ ಮುಂದೆ ಹಕ್ಕಿಗೇ ಹೆದರಬಹುದು. ಅಕ್ಟೋಬರ್ ಕಳೆದರೆ ನಾಯಿಗೆ ಮೈ ಬೆಚ್ಚಗಿಡುವ ನಿಯೋಪ್ರೀನ್ ಜಾಕೆಟ್ ಹಾಕಿ, ಕೂರಲು ನೀರಿಂದ ಮೇಲಿರುವ ಹಲಗೆ ಕೊಡಿ. ಮನೆಗೆ ಬಂದ ಮೇಲೆ ಕಿವಿ ಒಳಗೆ ಒರೆಸಿ, ಕಣ್ಣಂಚಿನಲ್ಲಿ ಜೊಂಡಿನ ಬೀಜ ಸಿಕ್ಕಿದೆಯಾ ನೋಡಿ, ಕಾಲ್ಬೆರಳ ಸಂದು ಬಿಡಿಸಿ ನೋಡಿ. ನಿಮ್ಮ ಊಟ ಆಮೇಲೆ.