ಹೀಲಿಯಂ ಬಿಟ್ಟು ಹೈಡ್ರೋಜನ್‌ಗೆ ಬರುವುದು ಹೇಗೆ?

ತೆಂಗಿನೆಣ್ಣೆ ಪರೀಕ್ಷೆ ಮಾಡುವ ಕಾಸರಗೋಡು ಕಡೆಯ ಲ್ಯಾಬ್‌ಗಳಿಗೆ ಹೀಲಿಯಂ ಸಿಲಿಂಡರ್ ದೊಡ್ಡ ತಲೆನೋವು. ಎಣ್ಣೆಯಲ್ಲಿ ಏನೇನಿದೆ ಎಂದು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್ (ಜಿಸಿ) ಯಂತ್ರದಲ್ಲಿ ಮಾದರಿಯನ್ನು ಹೊತ್ತೊಯ್ಯುವ ಕ್ಯಾರಿಯರ್ ಗ್ಯಾಸ್ ಇದೇ. ಹೊರದೇಶದಿಂದ ಬರುವ ಗ್ಯಾಸ್, ದುಬಾರಿ ಬೇರೆ. ನೀರಿನಿಂದ ಹೈಡ್ರೋಜನ್ ತೆಗೆಯುವ ಜನರೇಟರ್ ಇಟ್ಟುಕೊಂಡರೆ ಈ ಗೋಳಿಲ್ಲ. ಆದರೆ ಜನರೇಟರ್‌ಗೆ ದುಡ್ಡು ಸುರಿದವರೂ ಜಿಸಿಗೆ ಗ್ಯಾಸ್ ತರುವ ಹಳೇ ಪೈಪನ್ನೇ ಉಳಿಸಿಕೊಳ್ಳುತ್ತಾರೆ. ಎಡವಟ್ಟಾಗುವುದು ಅಲ್ಲೇ.

ಮೊದಲು ಜನರೇಟರ್. ಶುದ್ಧತೆ ಶೇ. 99.999ಕ್ಕಿಂತ ಕಡಿಮೆ ಇದ್ದರೆ ಬೇಡ. ಡಿಅಯೋನೈಸ್ಡ್ (ಲವಣಾಂಶ ತೆಗೆದ) ನೀರು ಮಾತ್ರ ಹಾಕಿ. ಬಾವಿ ನೀರು, ಬಾಟಲಿ ನೀರು ಹಾಕಿದರೆ ನೀರನ್ನು ಒಡೆಯುವ ಒಳಗಿನ ಸೆಲ್ ಹಾಳಾಗುತ್ತದೆ.

ಈಗ ಪೈಪ್. ವರ್ಷಗಟ್ಟಲೆ ಒಳಗೆ ಕೂತ ಜಿಡ್ಡನ್ನು ಹೈಡ್ರೋಜನ್ ಎಬ್ಬಿಸಿ ಕಾಲಮ್‌ಗೆ (ಮಾದರಿ ಬೇರ್ಪಡುವ ಸಣ್ಣ ಕೊಳವೆಗೆ) ತಳ್ಳುತ್ತದೆ. ಬೇಸ್‌ಲೈನ್, ಅಂದರೆ ಮಾದರಿ ಇಲ್ಲದಾಗ ಯಂತ್ರ ತೋರಿಸುವ ಗೆರೆ, ದಿನಗಟ್ಟಲೆ ಇಳಿಯುವುದೇ ಇಲ್ಲ. ಹಳೇ ತಾಮ್ರ ಪೆಡಸಾಗಿ ಬಿರುಕೂ ಬಿಡಬಹುದು. ಜಿಸಿಗೆಂದೇ ತೊಳೆದು ಕೊಡುವ ಹೊಸ ಸ್ಟೀಲ್ ಪೈಪ್ ಹಾಕಿ. ಎಸಿ ರಿಪೇರಿಯವರ ತಾಮ್ರದ ಪೈಪ್ ಅಗ್ಗಕ್ಕೆ ಸಿಗುತ್ತದೆ ಎಂದು ತರಲೇಬೇಡಿ. 1/8 ಇಂಚಿನ ಹೊಸ ಫೆರೂಲ್ (ಪೈಪನ್ನು ಬಿಗಿಯಾಗಿ ಹಿಡಿಯುವ ಉಂಗುರ) ಜಾಯಿಂಟ್ ಆದರೆ ನಟ್ಟನ್ನು ಮೊದಲು ಕೈಯಲ್ಲೇ ಬಿಗಿ ಮಾಡಿ, ಆಮೇಲೆ ಸ್ಪ್ಯಾನರ್‌ನಲ್ಲಿ ಮುಕ್ಕಾಲು ಸುತ್ತು, ಅಷ್ಟೇ. ಸೋರುತ್ತಿದೆ ಎಂದು ಇನ್ನೂ ಬಿಗಿದರೆ ಫೆರೂಲ್ ಜಜ್ಜಿಹೋಗಿ ಸೋರಿಕೆ ಜಾಸ್ತಿಯಾಗುತ್ತದೆ. ಟೆಫ್ಲಾನ್ ಟೇಪ್ ಸುತ್ತುವುದೂ ತಪ್ಪು. ಲೀಕ್ ನೋಡಲು ಎಲೆಕ್ಟ್ರಾನಿಕ್ ಡಿಟೆಕ್ಟರ್ ಬಳಸಿ, ಸೋಪು ನೀರು ಬೇಡ. ಸಂದಿಯಲ್ಲಿ ಅದು ಒಳಗೆ ಹೋದರೆ ತೆಗೆಯುವುದು ಕಷ್ಟ.

ಗಾಳಿಯಲ್ಲಿ ಹೈಡ್ರೋಜನ್ ಶೇ. 4 ದಾಟಿದರೆ ಒಂದು ಕಿಡಿ ಸಾಕು. ಹಾಗಾಗಿ ಮಾದರಿ ಹಾಕುವ ಇಂಜೆಕ್ಟರ್‌ನಿಂದ ಗ್ಯಾಸ್ ಹೊರಬೀಳುವ ಸ್ಪ್ಲಿಟ್ ವೆಂಟ್, ಸೆಪ್ಟಮ್ ಪರ್ಜ್ ಎರಡನ್ನೂ ಪೈಪಿನಲ್ಲಿ ಕಟ್ಟಡದ ಹೊರಗೆ ಬಿಡಿ. ಮಳೆನೀರು ನುಗ್ಗದಂತೆ ಪೈಪಿನ ಬಾಯಿ ಕೆಳಮುಖವಾಗಿರಲಿ.

ಸಾಫ್ಟ್‌ವೇರ್‌ನಲ್ಲಿ ಕ್ಯಾರಿಯರ್ ಗ್ಯಾಸ್ ಬದಲಿಸಲು ಮರೆಯಬೇಡಿ. ಮರೆತರೆ ಫ್ಲೋ ಲೆಕ್ಕವೆಲ್ಲ ತಪ್ಪು. ಹೈಡ್ರೋಜನ್ ಸಲೀಸಾಗಿ ಹರಿಯುವುದರಿಂದ ಹೀಲಿಯಂಗೆ ಬೇಕಾದ ಒತ್ತಡದ ಸುಮಾರು ಅರ್ಧ ಸಾಕು. ಎಫ್‌ಐಡಿಗೆ (ಹೈಡ್ರೋಜನ್ ಜ್ವಾಲೆಯ ಡಿಟೆಕ್ಟರ್‌ಗೆ) ನಿಮಿಷಕ್ಕೆ 30 ಮಿಲಿ ಹೈಡ್ರೋಜನ್ ಕೊಡುತ್ತಿದ್ದರೆ, ಕಾಲಮ್‌ನಿಂದ ಬರುವ 2 ಮಿಲಿ ಕಳೆದು 28 ಇಡಿ. ಕಾಲಮ್ ಇರುವ ಓವನ್ ಬಿಸಿ ಮಾಡುವ ಮೊದಲು ಕಾಲಮ್‌ನೊಳಗಿನ ಗಾಳಿ ಪೂರ್ತಿ ಹೋಗಲಿ. ಮಾದರಿ ಕರಗಿಸಲು ಡೈಕ್ಲೋರೋಮೀಥೇನ್ ಬಿಟ್ಟುಬಿಡಿ, ಬಿಸಿ ಇಂಜೆಕ್ಟರ್‌ನಲ್ಲಿ ಆಮ್ಲ ಹುಟ್ಟಬಹುದು. ನಮ್ಮ ಎಣ್ಣೆ ಕೆಲಸಕ್ಕೆ ಹೆಕ್ಸೇನ್ ಸಾಕು.

ಆಮೇಲೆ ಸ್ಟ್ಯಾಂಡರ್ಡ್ (ಏನೇನಿದೆ ಎಂದು ಮೊದಲೇ ಗೊತ್ತಿರುವ ಮಾದರಿ) ಓಡಿಸಿ. ಒಂದೊಂದು ಘಟಕಕ್ಕೂ ಗ್ರಾಫಿನಲ್ಲಿ ಏಳುವ ಪೀಕ್‌ಗಳ ಸಮಯ ಬದಲಾಗಿರುತ್ತದೆ, ಹೆಸರುಗಳನ್ನು ಹೊಸದಾಗಿ ಹೊಂದಿಸಿ. ಗೊತ್ತಿರುವ ಒಂದು ಶುದ್ಧ ತೆಂಗಿನೆಣ್ಣೆಯನ್ನೂ ಹಾಕಿ ನೋಡಿ. ಲಾರಿಕ್ ಆಮ್ಲ ಶೇ. 45–53ರ ಆಸುಪಾಸಿನಲ್ಲಿ ಬರಬೇಕು.

ಮಳೆಗಾಲದಲ್ಲಿ ಕರೆಂಟ್ ಹೋಗುವುದು ಗೊತ್ತೇ ಇದೆ ಅಲ್ವಾ? ಯುಪಿಎಸ್ ಕೊಡುವುದಾದರೆ ಜಿಸಿ, ಹೈಡ್ರೋಜನ್ ಜನರೇಟರ್ ಎರಡಕ್ಕೂ ಕೊಡಿ. ಜಿಸಿಗೆ ಮಾತ್ರ ಕೊಟ್ಟರೆ ಓವನ್ ಬಿಸಿಯಾಗೇ ಇದ್ದು, ಗ್ಯಾಸ್ ಇಲ್ಲದೆ ಕಾಲಮ್ ಹಾಳಾಗಬಹುದು.