ಶುಂಠಿ ಸುಳಿ ಕೊರೆಯುವ ಹುಳಕ್ಕೆ ಬಿಟಿ: ನಾನು ಹೊಡೆಯುವ ರೀತಿ

ಸಾಗರದ ಕಡೆ ಶುಂಠಿ ಹಾಕಿದವರೆಲ್ಲ ಕೊಳೆರೋಗದ ಬಗ್ಗೆಯೇ ಮಾತಾಡುತ್ತಾರೆ. ಸುಳಿ ಕೊರೆಯುವ ಹುಳ ನೆನಪಾಗುವುದು ಸುಳಿ ಹಳದಿಯಾಗಿ ಒಣಗಿ ನಿಂತ ಮೇಲೆ. ಅಷ್ಟರಲ್ಲಿ ಹುಳ ಕಾಂಡದೊಳಗೆ ಸೇರಿ, ತೂತಿನಿಂದ ಹಿಕ್ಕೆ ಹೊರಗೆ ತಳ್ಳುತ್ತಾ ಕೂತಿರುತ್ತದೆ. ಇದರ ತಾಯಿ ಹಳದಿ ರೆಕ್ಕೆಯ ಮೇಲೆ ಕಪ್ಪು ಚುಕ್ಕೆ ಇರುವ ಸಣ್ಣ ಪತಂಗ. ಏಲಕ್ಕಿ, ಅರಿಶಿನವನ್ನೂ ಬಿಡುವುದಿಲ್ಲ.

ನಾನು ಈ ಹುಳಕ್ಕೆ ಬಿಟಿ ಪುಡಿ ಹೊಡೆಯಲು ಶುರು ಮಾಡಿ ಕೆಲವು ವರ್ಷಗಳಾದವು. ಪೂರ್ತಿ ಹೆಸರು ಬ್ಯಾಸಿಲಸ್ ತುರಿಂಜಿಯೆನ್ಸಿಸ್. ಬಿಟಿ ಅಂದ ಕೂಡಲೇ ಹತ್ತಿ ಬೀಜ ನೆನೆದು ಗಾಬರಿ ಆಗಬೇಡಿ. ಇದು ಮಣ್ಣಲ್ಲೇ ಇರುವ ಬ್ಯಾಕ್ಟೀರಿಯಾ. 1901ರಲ್ಲಿ ಜಪಾನಿನ ಇಶಿವಾಟಾ ಇದನ್ನು ಮೊದಲು ಕಂಡದ್ದು ಸತ್ತ ರೇಷ್ಮೆ ಹುಳದಲ್ಲಿ. ಹಾಗಾಗಿ ಪಕ್ಕದಲ್ಲಿ ಯಾರದಾದರೂ ಹಿಪ್ಪುನೇರಳೆ ಇದ್ದರೆ ಈ ಪುಡಿಯ ಸುದ್ದಿಗೇ ಹೋಗಬೇಡಿ. ಕೆನಡಾದಲ್ಲಿ ಕಾಡಿನ ಮರಗಳ ಎಲೆ ತಿನ್ನುವ ಹುಳಕ್ಕೆ ವಿಮಾನದಿಂದಲೇ ಇದನ್ನು ಸಿಂಪಡಿಸುತ್ತಾರೆ.

ಮೈಮೇಲೆ ಬಿದ್ದರೆ ಹುಳಕ್ಕೆ ಏನೂ ಆಗುವುದಿಲ್ಲ, ತಿಂದು ಹೊಟ್ಟೆಗೆ ಹೋಗಬೇಕು. ಹುಳದ ಕರುಳು ಸುಣ್ಣದ ನೀರಿನಂತೆ ಕ್ಷಾರ. ಅಲ್ಲಿ ಬಿಟಿಯೊಳಗಿನ ಪ್ರೋಟೀನ್ ಹರಳು ಕರಗಿ ವಿಷವಾಗಿ ಕರುಳನ್ನು ತೂತು ಮಾಡುತ್ತದೆ. ನಮ್ಮ ಹೊಟ್ಟೆಯಲ್ಲಿ ಇರುವುದು ಆಮ್ಲ, ಅಲ್ಲಿ ಅದರ ಆಟ ನಡೆಯುವುದಿಲ್ಲ.

ಕಾಂಡದೊಳಗೆ ಹೋದ ಹುಳ ಹೊರಗಿನ ಎಲೆ ತಿನ್ನುವುದಿಲ್ಲ ಅಲ್ವಾ? ಆದ್ದರಿಂದ ಒಣಗಿದ ಸುಳಿ ನೋಡಿಕೊಂಡು ಹೊಡೆದರೆ ದುಡ್ಡು ದಂಡ. ನಾನು ನೋಡುವುದು ನಡುವಿನ ಎಳೆ ಎಲೆಯನ್ನು. ಮರಿ ಹುಳ ಮೊದಲು ಅದರ ಅಂಚು ಕೆರೆದು ತಿನ್ನುತ್ತದೆ. ಆ ಗುರುತು ಕಂಡಾಗಲೇ ಹೊಡೆಯಬೇಕು.

ಆದರೆ ನಮ್ಮೂರ ಪುನರ್ವಸು, ಪುಷ್ಯ ಮಳೆಯಲ್ಲಿ ಎಲೆ ಮೇಲೆ ಯಾವ ಪುಡಿ ನಿಲ್ಲುತ್ತದೆ? ಅದಕ್ಕೆ ಜುಲೈ, ಆಗಸ್ಟಿನಲ್ಲಿ ನನ್ನದು ಬರೀ ಕತ್ತಿ ಕೆಲಸ. ಹದಿನೈದು ದಿನಕ್ಕೊಮ್ಮೆ ಮಡಿ ಸುತ್ತಿ, ಹೊಸ ಹಿಕ್ಕೆ ಕಂಡ ಕಾಂಡ ಕೊಯ್ದು, ಸೀಳಿ, ಹುಳ ತೆಗೆದು ಸಾಯಿಸುತ್ತೇವೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ತಿಂಗಳಿಗೊಮ್ಮೆ ಸಿಂಪಡಣೆ. ಮೊದಲು ಕೊಯ್ಯುವುದು, ಆಮೇಲೆ ಹೊಡೆಯುವುದು ಎಂಬ ಈ ಕ್ರಮ ಕೋಝಿಕ್ಕೋಡಿನ ಸಾಂಬಾರ ಬೆಳೆ ಸಂಶೋಧನಾ ಸಂಸ್ಥೆಯದು. ಅವರು ಮೆಲಾಥಿಯಾನ್ ಎಂಬ ರಾಸಾಯನಿಕ ಕೀಟನಾಶಕ ಹೇಳಿದ ಕಡೆ ನಾನು ಬಿಟಿ ಇಟ್ಟುಕೊಂಡಿದ್ದೇನೆ.

ಲೀಟರಿಗೆ 2 ಗ್ರಾಂ ಹಾಕುತ್ತೇನೆ. ಮೊದಲು ಸ್ವಲ್ಪ ನೀರಲ್ಲಿ ಗಂಟಿಲ್ಲದಂತೆ ಕಲಸಿ, ಆಮೇಲೆ ಡ್ರಮ್ಮಿಗೆ ಸುರಿಯುವುದು. ಹೊಡೆಯುವುದು ಹೊಳವಾದ ದಿನ, ಸಂಜೆ ನಾಲ್ಕರ ಮೇಲೆ. ಬಿಸಿಲು ಬಿಟಿಗೆ ಆಗಿಬರುವುದಿಲ್ಲ, ಕೆಲವೇ ದಿನಗಳಲ್ಲಿ ಅದರ ಶಕ್ತಿ ಇಳಿಯುತ್ತದೆ. ಕಲಸಿದ್ದನ್ನು ಮರುದಿನಕ್ಕೆ ಇಡುವುದಿಲ್ಲ.

ಅಡಿಕೆ ತೋಟದವರು ಒಂದು ವಿಷಯ ಗಮನಿಸಬೇಕು. ಮೈಲುತುತ್ತು ಸುಣ್ಣ, ಅಂದರೆ ಬೋರ್ಡೋ ದ್ರಾವಣ ಕಲಸಿದ ಡ್ರಮ್ಮು, ಪೈಪು, ಗನ್ನು ಇದಕ್ಕೆ ಬೇಡ. ಮೈಲುತುತ್ತಿನ ತಾಮ್ರ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಸುಣ್ಣ ಹರಳನ್ನು ಡ್ರಮ್ಮಿನಲ್ಲೇ ಹಾಳು ಮಾಡುತ್ತದೆ. ಬೋರ್ಡೋಗೆ ಹಾಕುವ ರಾಳದ ಅಂಟೂ ಕ್ಷಾರವೇ, ಅದೂ ಬೇಡ. ನಾನು ಶುಂಠಿಗೆಂದೇ ಬೇರೆ ಕ್ಯಾನು ಇಟ್ಟಿದ್ದೇನೆ.

ಮಡಿಗೆ ಸಗಣಿ ಗೊಬ್ಬರದ ಜೊತೆ ಸೂಡೋಮೋನಾಸ್ ಕೂಡ ಹಾಕುತ್ತೇನೆ. ಅದೂ ಬ್ಯಾಕ್ಟೀರಿಯಾವೇ, ಆದರೆ ಕೆಲಸ ರೋಗದ ಮೇಲೆ, ಹುಳದ ಮೇಲಲ್ಲ.

ಹೊಡೆದ ಮರುದಿನ ಪಕ್ಕದ ತೋಟದ ಹುಡುಗ ಬಂದು ನೋಡಿದ. "ಅಣ್ಣಾ, ಹುಳ ಇನ್ನೂ ಮೈ ಆಡಿಸ್ತಾ ಇದೆಯಲ್ಲ, ಸುಮ್ನೆ ದುಡ್ಡು ಹೋಯ್ತು" ಅಂದ. ಎಲೆ ನೋಡು ಅಂದೆ. ಹೊಸದಾಗಿ ತಿಂದ ಗುರುತು ಇರಲಿಲ್ಲ. ಬಿಟಿ ತಿಂದ ಹುಳ ಕೆಲವೇ ಗಂಟೆಯಲ್ಲಿ ತಿನ್ನುವುದು ನಿಲ್ಲಿಸುತ್ತದೆ, ಸಾಯಲು ಎರಡು ಮೂರು ದಿನ ಬೇಕು. ವಿಷದ ಔಷಧಿಗೆ ಹುಳ ಬಿದ್ದು ಒದ್ದಾಡುವುದನ್ನು ನೋಡಿ ಅಭ್ಯಾಸವಾದವರಿಗೆ ಈ ಕಾಯುವುದೇ ಕಷ್ಟ.

ಅವನೇ ಉಳಿದ ಪುಡಿ ಕೇಳಿದ, ಅಡಿಕೆ ಬುಡದ ಬೇರುಹುಳಕ್ಕೆ ಸುರಿಯಲಿಕ್ಕೆ. ಕೊಡಲಿಲ್ಲ. ಬೇರುಹುಳ ದುಂಬಿಯ ಮರಿ, ಈ ಪುಡಿಯಲ್ಲಿರುವ ಕುರ್ಸ್ಟಾಕಿ ಎಂಬ ತಳಿ ಪತಂಗ, ಚಿಟ್ಟೆಗಳ ಮರಿಗಳಿಗೆ ಮಾತ್ರ ತಾಗುವುದು. ಬೇರುಹುಳವನ್ನು ಕೊಲ್ಲುವ ಸಣ್ಣ ಜಂತುಹುಳಗಳಿರುವ ಪುಡಿ ಬೇರೆಯೇ ಸಿಗುತ್ತದೆ, ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸು ಅಂತ ಹೇಳಿ ಕಳಿಸಿದೆ.