ಹಡಗಿನ ಫಾರ್ಮಲ್ ಸಂಜೆಗೆ ಬೀರುವಿನಿಂದ ಏನು ತೆಗೆಯಬೇಕು

ಕ್ರೂಸ್ ಟಿಕೆಟ್ಟಿನ ಜೊತೆ ಬಂದ ಕಾಗದದಲ್ಲಿ ‘ಫಾರ್ಮಲ್ ನೈಟ್’, ಅಂದರೆ ಔಪಚಾರಿಕ ಉಡುಪಿನಲ್ಲಿ ಊಟಕ್ಕೆ ಕೂರುವ ಸಂಜೆ, ಎಂದು ಕಂಡರೆ ಸಾಕು, ಬೆಂಗಳೂರಿಗೆ ಹೋಗಿ ಹೊಸ ಕೋಟು, ಗೌನು ತರೋಣ ಎಂಬ ಮಾತು ಮನೆಯಲ್ಲಿ ಏಳುತ್ತದೆ. ಆ ಖರ್ಚು ಬಹುತೇಕರಿಗೆ ಬೇಕಿಲ್ಲ. ಚಿಕ್ಕಬಳ್ಳಾಪುರದ ಆರತಕ್ಷತೆಗೆ ಉಡುವ ರೇಷ್ಮೆ ಸೀರೆ, ತೊಡುವ ಸೂಟು ಹಡಗಿನ ಈ ಸಂಜೆಗೂ ಚೆನ್ನಾಗಿಯೇ ಒಪ್ಪುತ್ತವೆ. ತೊಂದರೆ ಬರುವುದು ಬೇರೆ ನಾಲ್ಕು ಕಡೆಯಿಂದ: ಕ್ಯಾಬಿನ್ನಿನಲ್ಲಿ ಇಸ್ತ್ರಿ ಮಾಡುವಂತಿಲ್ಲ, ಊಟದ ಹಾಲ್‌ನಲ್ಲಿ ಎಸಿ ಚಳಿ, ಕಾಲಡಿಯ ನೆಲ ಓಲಾಡುತ್ತದೆ, ದೇವನಹಳ್ಳಿಯಿಂದ ಹತ್ತುವ ದೇಶೀಯ ವಿಮಾನಗಳಲ್ಲಿ ಸಾಮಾನ್ಯವಾಗಿ 15 ಕಿಲೋಗಿಂತ ಹೆಚ್ಚು ಚೆಕ್-ಇನ್ ಲಗೇಜನ್ನು ಬೇರೆ ಹಣ ಕೊಡದೆ ಬಿಡುವುದಿಲ್ಲ.

ಮೊದಲು ಇಂಥ ಸಂಜೆ ಎಷ್ಟು ಎಂದು ತಿಳಿದುಕೊಳ್ಳಿ. 7 ರಾತ್ರಿಯ ಯಾನದಲ್ಲಿ ಸಾಮಾನ್ಯವಾಗಿ ಎರಡು, 3ರಿಂದ 5 ರಾತ್ರಿಯದರಲ್ಲಿ ಒಂದು ಇರುತ್ತದೆ, ಕೆಲವದರಲ್ಲಿ ಒಂದೂ ಇರುವುದಿಲ್ಲ. ಹೆಚ್ಚಾಗಿ ಹಡಗು ಯಾವ ಬಂದರಿಗೂ ಹೋಗದ ದಿನವೇ ಇದನ್ನು ಇಡುತ್ತಾರೆ. ಮೊದಲ ರಾತ್ರಿ ಇಡುವುದು ಅಪರೂಪ, ಏಕೆಂದರೆ ಬಂದರಿನಲ್ಲಿ ಕೊಟ್ಟ ಪೆಟ್ಟಿಗೆ ಕ್ಯಾಬಿನ್ ಮುಟ್ಟುವಾಗ ಸಂಜೆಯಾಗಿರುತ್ತದೆ. ಕಂಪನಿಯಿಂದ ಕಂಪನಿಗೆ ಕಟ್ಟುನಿಟ್ಟು ಬದಲಾಗುತ್ತದೆ. ಕ್ಯುನಾರ್ಡ್ ಕಂಪನಿಯ ಹಡಗುಗಳಲ್ಲಿ ಇದನ್ನು ಗಾಲಾ ಸಂಜೆ ಎನ್ನುತ್ತಾರೆ, ಅದಕ್ಕೆ ಗಂಡಸರು ಟಕ್ಸಿಡೊ (ಬೋ ಜೊತೆ ತೊಡುವ ಕಪ್ಪು ಔಪಚಾರಿಕ ಸೂಟು) ಅಥವಾ ಗಾಢ ಬಣ್ಣದ ಸೂಟು, ಜೊತೆಗೆ ಬೋ ಅಥವಾ ಟೈ ತೊಡಬೇಕು. ಅವರವರ ನಾಡಿನ ಔಪಚಾರಿಕ ಉಡುಪೂ ನಡೆಯುತ್ತದೆ. ಸೆಲೆಬ್ರಿಟಿ ಕಂಪನಿಯಲ್ಲಿ ಇಂಥ ಸಂಜೆಗೆ ಇರುವ ‘ಈವ್ನಿಂಗ್ ಶಿಕ್’ ಎಂಬ ನಿಯಮ ಇದಕ್ಕಿಂತ ಸಡಿಲ. ಪಂಚೆ ಉಡುವ ಹಿರಿಯರು ಜೊತೆಗಿದ್ದರೆ, ಅದಕ್ಕೆ ಒಪ್ಪಿಗೆ ಇದೆಯೇ ಎಂದು ಏಜೆಂಟರ ಮೂಲಕ ಕೇಳಿಸಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಬಾಗಿಲಲ್ಲಿ ನಿಂತು ವಾದಿಸುವ ಪ್ರಸಂಗ ಬರುವುದಿಲ್ಲ.

ಸೀರೆಯ ಆಯ್ಕೆಯೇ ಇಲ್ಲಿ ದೊಡ್ಡ ವಿಷಯ. ಭಾರಿ ಜರಿಯ ಕಂಚಿ ಸೀರೆ ನೋಡಲು ಚೆಂದವೇ, ಆದರೆ ಪೆಟ್ಟಿಗೆಯಲ್ಲಿ ಎರಡು ದಿನ ಒತ್ತಿಸಿಕೊಂಡರೆ ಜರಿಯ ಲೋಹ ಮಡಿಕೆಯ ಗೆರೆಯನ್ನು ಬಿಟ್ಟುಕೊಡುವುದಿಲ್ಲ. ಕ್ಯಾಬಿನ್ನಿನಲ್ಲಿ ಅದನ್ನು ನೇರ ಮಾಡುವ ದಾರಿಯೂ ಇಲ್ಲ. ಮೈಸೂರು ರೇಷ್ಮೆಯ ಕ್ರೇಪ್ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಅದರ ನೂಲಿಗೆ ಹೆಚ್ಚು ಹುರಿ ಕೊಟ್ಟಿರುವುದರಿಂದ ಮುದುರಿದ ಬಟ್ಟೆ ನೇತುಹಾಕಿದಾಗ ತಾನೇ ಸಡಿಲಿಸಿಕೊಳ್ಳುತ್ತದೆ. ಶಿಡ್ಲಘಟ್ಟದ ಕಡೆ ರೇಷ್ಮೆ ನೂಲಿನ ಕೆಲಸ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೂಕವೂ ಕಡಿಮೆ. ಎರಡು ಸಂಜೆಗೆ ಎರಡು ಸೀರೆ ಸಾಕು. ಎರಡಕ್ಕೂ ಹೊಂದುವ ಒಂದೇ ಬಣ್ಣದ ರವಿಕೆ ಇದ್ದರೆ ಇನ್ನೂ ಹಗುರ. ರವಿಕೆಯನ್ನು ಒಂದು ತಿಂಗಳು ಮೊದಲೇ ತೊಟ್ಟು ನೋಡಿ, ಬಿಗಿಯಾಗಿದ್ದರೆ ಒಳಹೊಲಿಗೆ ಬಿಚ್ಚಿಸಲು ಸಮಯ ಸಿಗುತ್ತದೆ.

ಸೆರಗಿನ ಕುಚ್ಚನ್ನು ಮರೆಯಬೇಡಿ. ಉದ್ದ ಮಣಿಕುಚ್ಚು ಕುರ್ಚಿಯ ಸಂದಿಗೆ ಸಿಕ್ಕಿ ಎಳೆ ಕಿತ್ತುಬರುತ್ತದೆ. ಗಿಡ್ಡ ಕುಚ್ಚಿನ ಸೀರೆಯನ್ನೇ ಆರಿಸಿ.

ಹೊರಡುವ ಮುನ್ನಾದಿನ ನೆರಿಗೆ, ಸೆರಗು ಎರಡನ್ನೂ ಹಿಡಿಸಿ, ಇಸ್ತ್ರಿ ಮಾಡಿಸಿ, ಬಾಕ್ಸ್ ಫೋಲ್ಡಿಂಗ್ (ಹಿಡಿದ ನೆರಿಗೆ ಕೆಡದಂತೆ ಚೌಕವಾಗಿ ಮಡಿಸುವುದು) ಮಾಡಿಸಿಕೊಳ್ಳಿ. ಹಡಗಿನಲ್ಲಿ ಬಿಚ್ಚಿ ಸುತ್ತಿ ಪಿನ್ನು ಹಾಕಿದರೆ ಹತ್ತು ನಿಮಿಷದಲ್ಲಿ ಉಟ್ಟಾಯಿತು. ಇಕ್ಕಟ್ಟಾದ ಕ್ಯಾಬಿನ್ನಿನಲ್ಲಿ ಹೊಸದಾಗಿ ನೆರಿಗೆ ಹಿಡಿಯುವ ಪಾಡು ತಪ್ಪುತ್ತದೆ. ಅಳತೆ ಕೊಡುವಾಗ ಆ ಸಂಜೆ ಮೆಟ್ಟುವ ಚಪ್ಪಲಿಯನ್ನೇ ಮೆಟ್ಟಿರಬೇಕು, ಅಂಚು ನೆಲದಿಂದ ಒಂದು ಇಂಚು ಮೇಲಿರಬೇಕು. ನೆಲ ಗುಡಿಸುವ ಸೀರೆ ಹಡಗಿನ ಮೆಟ್ಟಿಲಲ್ಲಿ ಕಾಲಿಗೆ ಸಿಕ್ಕಿದರೆ ಬೀಳುವುದು ಖಂಡಿತ. ಮಡಿಸಿದ ಸೀರೆಯನ್ನು ಹಳೆಯ ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿ ಪೆಟ್ಟಿಗೆಯ ಮೇಲ್ಭಾಗದಲ್ಲಿಡಿ. ನುಸಿಗುಳಿಗೆ ಜರಿಗೆ ತಾಗಬಾರದು, ಬಣ್ಣ ಕಪ್ಪಾಗುತ್ತದೆ. ಸೆಂಟನ್ನೂ ಸೀರೆ ಉಡುವ ಮೊದಲೇ ಮೈಗೆ ಹಾಕಿ, ಆರಲು ಬಿಡಿ.

ಸೂಟಿನ ವಿಷಯಕ್ಕೆ ಬಂದರೆ, ಆರತಕ್ಷತೆಗೆ ಹೊಲಿಸಿದ್ದು ಕಡುನೀಲಿಯೋ ಬೂದುಗಪ್ಪೋ ಆಗಿದ್ದರೆ ಅದೇ ಸಾಕು. ಮಿಂಚುವ ಬಟ್ಟೆಯ ಕೆಂಪು ಸೂಟನ್ನು ಮನೆಯಲ್ಲೇ ಬಿಡಿ. ಹೊಸದು ಹೊಲಿಸಲೇಬೇಕಾದರೆ ಕೋಟು ಪ್ಯಾಂಟಿಗೆ 58 ಇಂಚು ಅಗಲದ ಬಟ್ಟೆ 3ರಿಂದ 3.25 ಮೀಟರು ಬೇಕು. ಟೈಲರ್ ಬಳಿ ಎರಡು ಸಲ ಟ್ರಯಲ್‌ಗೆ ಅವಕಾಶವಿರುವಂತೆ ಕನಿಷ್ಠ ಐದು ವಾರ ಮೊದಲು ಕೊಡಿ. ಒಳಗಿನ ಶರ್ಟಿನ ತೋಳು ಕೋಟಿನಿಂದ ಒಂದು ಸೆಂಟಿಮೀಟರಿನಷ್ಟು ಹೊರಗೆ ಕಾಣಬೇಕು, ಟೈ ತುದಿ ಬೆಲ್ಟಿನ ಬಕಲ್ ಮುಟ್ಟಬೇಕು, ಕೋಟಿನ ಕೊನೆಯ ಗುಂಡಿ ಹಾಕಬಾರದು. ಟೈ ಕಟ್ಟಲು ಬೇಸರವೆನ್ನುವವರಿಗೆ ಕತ್ತಿನವರೆಗೆ ಗುಂಡಿ ಹಾಕುವ ಬಂದ್‌ಗಲಾ ಕೋಟು ಒಳ್ಳೆಯದು, ಸೀರೆಯ ಪಕ್ಕದಲ್ಲಿ ಸೂಟಿಗಿಂತ ಚೆನ್ನಾಗಿಯೇ ಕಾಣುತ್ತದೆ. ಪ್ರಯಾಣದಲ್ಲಿ ಕೋಟನ್ನು ಒಳಮೈ ಹೊರಗಾಗುವಂತೆ ತಿರುವಿ, ಭುಜದೊಳಗೆ ಭುಜ ಸೇರಿಸಿ ಮಡಿಸಿದರೆ ಮೇಲ್ಮೈಗೆ ಗೆರೆ ಬೀಳುವುದಿಲ್ಲ.

ಪಂಚೆಗೆ ಒಪ್ಪಿಗೆ ಸಿಕ್ಕರೆ ಜರಿಯಂಚಿನ ರೇಷ್ಮೆ ಪಂಚೆ, ಜುಬ್ಬ, ಶಲ್ಯ ಉಡಿ. ನಡುವಿಗೆ ಬೆಲ್ಟು ಇರಲಿ. ಎತ್ತಿ ಕಟ್ಟುವುದು ಬೇಡ. ಕಾಲಿಗೆ ಹವಾಯಿ ಚಪ್ಪಲಿ ಮೆಟ್ಟಿ ಹೋದರೆ ಪಂಚೆ ಎಷ್ಟು ಬೆಲೆಯದಾದರೂ ಬಾಗಿಲಲ್ಲೇ ತಡೆಯುತ್ತಾರೆ. ಹುಡುಗಿಯರಿಗೆ ರೇಷ್ಮೆ ಲಂಗ ರವಿಕೆ, ಹುಡುಗರಿಗೆ ಕಾಲರ್ ಶರ್ಟು, ಪೂರ್ತಿ ಉದ್ದದ ಪ್ಯಾಂಟು. ಚಡ್ಡಿ ನಡೆಯುವುದಿಲ್ಲ.

ಹೆಂಗಸರ ಚಪ್ಪಲಿಯ ಹಿಮ್ಮಡಿ ಒಂದೂವರೆ ಇಂಚು, ಅಗಲವಾಗಿರಲಿ. ಚೂಪು ಹಿಮ್ಮಡಿ ಡೆಕ್ಕಿನ ಮರದ ಹಲಗೆಗಳ ಸಂದಿಗೆ ಇಳಿಯುತ್ತದೆ. ಊಟದ ಹಾಲ್‌ನಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಕೂರಬೇಕಾದ್ದರಿಂದ ತೆಳು ಶಾಲು ಬೇಕೇ ಬೇಕು. ಫೋಟೋಕ್ಕೆಂದು ತೆರೆದ ಡೆಕ್ಕಿಗೆ ಹೋಗುವುದಾದರೆ ಸೆರಗಿಗೆ ಭುಜದಲ್ಲಿ ಎರಡು, ಸೊಂಟದಲ್ಲಿ ಒಂದು ಪಿನ್ನು ಹಾಕಿ. ಸಮುದ್ರದ ಗಾಳಿ ಒಂದೇ ಪಿನ್ನಿಗೆ ಜಗ್ಗುವುದಿಲ್ಲ. ಮಲ್ಲಿಗೆ ದಂಡೆ ಎರಡನೇ ಸಂಜೆಗೆ ಬಾಡಿರುತ್ತದೆ, ನಡುಸಮುದ್ರದಲ್ಲಿ ಹೂವಾಡಗಿತ್ತಿ ಸಿಗುವುದಿಲ್ಲ. ಬಟ್ಟೆಯ ಹೂವು ಒಯ್ಯಿರಿ.

ಇಸ್ತ್ರಿಪೆಟ್ಟಿಗೆ, ಸ್ಟೀಮರ್ ಎರಡನ್ನೂ ಬೆಂಕಿಯ ಭಯಕ್ಕೆ ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ, ಇಳಿಯುವ ದಿನ ಕೊಡುತ್ತಾರೆ. ಆದ್ದರಿಂದ ಕ್ಯಾಬಿನ್ ಸೇರಿದ ಕೂಡಲೇ ಬಟ್ಟೆ ಬಿಚ್ಚಿ ನೇತುಹಾಕಿ. ಹ್ಯಾಂಗರ್ ಸಾಲದಿದ್ದರೆ ಕ್ಯಾಬಿನ್ ನೋಡಿಕೊಳ್ಳುವವರನ್ನು ಕೇಳಿ, ತಂದುಕೊಡುತ್ತಾರೆ. ಬಹುತೇಕ ಹಡಗುಗಳ ಕ್ಯಾಬಿನ್ ಗೋಡೆ ಲೋಹದ್ದು, ನಾಲ್ಕು ಆಯಸ್ಕಾಂತದ ಕೊಕ್ಕೆ ಒಯ್ದರೆ ಕೋಟಿಗೂ ಸೀರೆಗೂ ಜಾಗವಾಗುತ್ತದೆ. ಮುದುರಿದ ಕೋಟನ್ನು ಬಚ್ಚಲಲ್ಲಿ ತೂಗುಹಾಕಿ ಬಿಸಿನೀರು ಬಿಟ್ಟರೆ ಹದಿನೈದು ನಿಮಿಷದಲ್ಲಿ ಸುಮಾರಾಗಿ ನೇರವಾಗುತ್ತದೆ. ರೇಷ್ಮೆ ಸೀರೆಗೆ ಈ ಉಪಾಯ ಬೇಡ, ಹನಿ ಬಿದ್ದ ಕಡೆ ಕಲೆ ಉಳಿಯುತ್ತದೆ. ಹಡಗಿನ ಲಾಂಡ್ರಿಗೆ ಕೊಡಿ. ಆ ಸಂಜೆಯ ಬೆಳಿಗ್ಗೆ ಎಲ್ಲರೂ ಕೊಡುವುದರಿಂದ ನೀವು ಹಿಂದಿನ ದಿನವೇ ಕೊಟ್ಟುಬಿಡಿ.

ಇಷ್ಟೆಲ್ಲ ಬೇಡವೆನಿಸಿದವರು ಆ ರಾತ್ರಿ ಬಫೆ ಹಾಲ್‌ನಲ್ಲಿ ಉಣ್ಣಬಹುದು. ಹೆಚ್ಚಿನ ಹಡಗುಗಳಲ್ಲಿ ಅಲ್ಲಿ ಈ ನಿಯಮ ಇಲ್ಲ.

ಊರಿಗೆ ಬಂದ ಮೇಲೆ ಸೀರೆಯನ್ನು ನೇರ ಬೀರುವಿಗೆ ಸೇರಿಸಬೇಡಿ. ಸಮುದ್ರದ ತೇವ ಬಟ್ಟೆಯಲ್ಲಿ ಉಳಿದರೆ ಜರಿ ಮಂಕಾಗುತ್ತದೆ. ಪಿನ್ನುಗಳನ್ನೆಲ್ಲ ತೆಗೆದು, ಒಂದು ದಿನ ನೆರಳಲ್ಲಿ ಗಾಳಿಗೆ ಹರವಿ, ಹಳೆಯ ಮಡಿಕೆಯ ಗೆರೆ ತಪ್ಪಿಸಿ ಬೇರೆ ಕಡೆ ಮಡಿಸಿಡಿ.